ಎಡಗಿವಿಯ ವಿಮಾನ

ಸೆಕೊಂಡೊ ಬೌಸಾನೊನ ಎಡಗಿವಿ ಯಾವ ದಿನ ಕೆಲಸ ನಿಲ್ಲಿಸಿತು ಎಂಬುದು ಸ್ವತಃ ಸೆಕೊಂಡೊನಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಹಲ್ಲು ಹೋದರೆ ನಾಲಿಗೆ ತಡವಿ ನೋಡುತ್ತದೆ, ಕೂದಲು ಹೋದರೆ ಬಾಚಣಿಗೆ ಲೆಕ್ಕ ಒಪ್ಪಿಸುತ್ತದೆ; ಕಿವಿ ಹೋದರೆ ಯಾರಾದರೂ ಬಂದು ಹೇಳಿದರೂ ಕೇಳಿಸುವುದಿಲ್ಲ. ಮೊದಲು ಕಂಡುಹಿಡಿದವಳು ಹೆಂಡತಿ ದೆಲ್ಫೀನಾ. ಅವಳು ಅದನ್ನು ಊರಿಗೆಲ್ಲ ಸಾರಲಿಲ್ಲ, ವೈದ್ಯರಿಗೂ ಹೇಳಲಿಲ್ಲ. ಅದೇ ವಾರ ಮಂಚದಲ್ಲಿ ತನ್ನ ಜಾಗ ಬದಲಿಸಿ ಗಂಡನ ಎಡಮಗ್ಗುಲಿಗೆ ಬಂದಳು. ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಆ ಕಡೆಯಿಂದ ದಿನಕ್ಕಿಷ್ಟು ಎಂದು ಹೊರಗೆ ಹಾಕಿ, ಹಗುರಾಗಿ ಮಲಗತೊಡಗಿದಳು. ತಮ್ಮ ಸಂಸಾರದಲ್ಲಿ ಶಾಂತಿ ನೆಲೆಸಿದ್ದೇ ಆಮೇಲೆ ಎಂದು ಸೆಕೊಂಡೊ ಮುಂದೆ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದುಂಟು. ಆದರೆ ಆಗ ನಗುವ ಸ್ಥಿತಿ ಇರಲಿಲ್ಲ. ಏಕೆಂದರೆ ಅವನು ತಿನ್ನುತ್ತಿದ್ದದ್ದು ಕಿವಿಯ ಅನ್ನ.

ಟ್ಯೂರಿನ್ ಹೊರವಲಯದ ವಿಮಾನ ಕಾರ್ಖಾನೆಯಲ್ಲಿ ಅವನು ತಂತಿ ಮೇಸ್ತ್ರಿ. ಮೇಲೊಂದು ಕೆಳಗೊಂದು ರೆಕ್ಕೆಯಿದ್ದ ಆ ಕಾಲದ ಕಾಳಗದ ವಿಮಾನದಲ್ಲಿ ಮರ, ಬಟ್ಟೆ, ಅಂಟು ಎಷ್ಟೇ ಇರಲಿ, ಎಲ್ಲವನ್ನೂ ಒಂದು ಸಂಸಾರವಾಗಿ ಹಿಡಿದಿಡುತ್ತಿದ್ದದ್ದು ರೆಕ್ಕೆಗಳ ನಡುವೆ ಅಡ್ಡಡ್ಡ ಬಿಗಿದ ಉಕ್ಕಿನ ತಂತಿಗಳು. ಸಡಿಲವಾದರೆ ರೆಕ್ಕೆ ಅದುರುತ್ತದೆ. ಹೆಚ್ಚು ಬಿಗಿದರೆ ರೆಕ್ಕೆ ಸೊಟ್ಟಗಾಗುತ್ತದೆ. ಹದ ಹೇಳುವವನು ಸೆಕೊಂಡೊ. ತಂತಿಯನ್ನು ಬೆರಳಿನಿಂದ ಮೀಟಿ, ಕಿವಿಯನ್ನು ಹತ್ತಿರ ಒಯ್ದು, ಕಣ್ಣು ಮುಚ್ಚಿ, "ಹ್ಞೂಂ, ಇನ್ನು ಅರ್ಧ ಸುತ್ತು" ಎಂದರೆ ಅರ್ಧ ಸುತ್ತು. "ಸಾಕು" ಎಂದರೆ ಸಾಕು. ಕಾರ್ಖಾನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಕಿವಿ ಮೇಸ್ತ್ರಿ.

ಅಲ್ಲಿ ಒಂದು ಪದ್ಧತಿಯಿತ್ತು. ಹೊಸ ವಿಮಾನ ಮೊದಲ ಸಲ ಹಾರಿ ನೆಟ್ಟಗೆ ಇಳಿದ ದಿನ ಹುಲ್ಲಿನ ಮೇಲೆ ಮೇಜು ಹಾಕಿ ಬಾರ್ಬೆರಾ ದ್ರಾಕ್ಷಾರಸದ ಶೀಶೆ ತೆರೆಯುತ್ತಿದ್ದರು. ಮೊದಲ ಲೋಟ ಧಣಿಗಲ್ಲ, ಇಂಜಿನಿಯರಿಗಲ್ಲ. ಹಾರಿಸಿ ಬಂದ ಪೈಲಟ್ ತನ್ನ ಕೈಯಿಂದಲೇ ಅದನ್ನು ತಂತಿ ಮೇಸ್ತ್ರಿಗೆ ಕೊಡಬೇಕು. ತನ್ನ ಪ್ರಾಣ ಯಾರ ಬೆರಳ ತುದಿಯಲ್ಲಿತ್ತೋ ಅವನಿಗೆ. "ಮೊದಲ ಲೋಟ ಕಿವಿಗೆ!" ಎಂದು ಎಲ್ಲರೂ ಕೂಗಬೇಕು. ಹನ್ನೆರಡು ವರ್ಷದಲ್ಲಿ ಸೆಕೊಂಡೊ ಅಂಥ ಇಪ್ಪತ್ತೇಳು ಲೋಟ ಕುಡಿದಿದ್ದ. ಜೀವನದಲ್ಲಿ ಅವನು ಯಾವುದರಲ್ಲಾದರೂ ಮೊದಲಿಗನಾಗಿದ್ದರೆ ಅದು ಆ ಲೋಟದಲ್ಲಿ ಮಾತ್ರ.

ಮಿಕ್ಕೆಲ್ಲದರಲ್ಲಿ ಎರಡನೆಯವನೇ. ಸೆಕೊಂಡೊ ಎಂದರೆ ಎರಡನೆಯವ. ಹೆಸರಿಡುವಾಗ ಅಪ್ಪ ಅಷ್ಟಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಣ್ಣನ ಹೆಸರು ಪ್ರೀಮೊ, ಮೊದಲನೆಯವ. ಮೊನ್‌ಫೆರ್ರಾತೊ ಗುಡ್ಡಗಳ ನಡುವಿನ ಆ ಹಳ್ಳಿಯಲ್ಲಿ ಅಪ್ಪ ದ್ರಾಕ್ಷಾರಸದ ಪೀಪಾಯಿ ಮಾಡುತ್ತಿದ್ದ. ಊರ ಬ್ಯಾಂಡಿಗೆ ಪಾದ್ರಿಗಳು ಹುಡುಗರನ್ನು ಆರಿಸಿದಾಗ ಹೊಳೆಯುವ ಕಹಳೆ ಪ್ರೀಮೊನ ಪಾಲಾಯಿತು. ಸೆಕೊಂಡೊನಿಗೆ ಸಿಕ್ಕಿದ್ದು ಯಾರಿಗೂ ಬೇಡವಾಗಿದ್ದ ಬೊಂಬಾರ್ದೀನೊ ಎಂಬ ಬಸುರಿ ತುತ್ತೂರಿ. ಎಲ್ಲರೂ ರಾಗ ನುಡಿಸುವಾಗ ಅದು ಪಕ್ಕದಲ್ಲಿ ಕುಳಿತು "ಭೊಂ, ಭೊಂ" ಎಂದು ಹೌದಪ್ಪನ ಕೆಲಸ ಮಾಡುತ್ತದೆ. ಆದರೆ ಇಡೀ ಬ್ಯಾಂಡಿನಲ್ಲಿ ಯಾರ ಶ್ರುತಿ ಎಲ್ಲಿ ಜಾರಿತು ಎಂದು ಹೇಳಬಲ್ಲವನು ಇವನೊಬ್ಬನೇ ಆಗಿದ್ದ. ಯುದ್ಧ ಬಂದಾಗ ಸೈನ್ಯದವರು ಇವನ ಹೊಟ್ಟೆ ನೋಡಿ ಕಂದಕಕ್ಕೆ ಇಳಿಸುವುದು ಬೇಡವೆಂದು ವಿಮಾನದ ತಂತಿ ಬಿಗಿಯಲು ಹಾಕಿದರು. ಅಲ್ಲಿಂದ ಈ ಕಾರ್ಖಾನೆ. ಹಿತ್ತಾಳೆ ಊದಿದವನಿಗೆ ಉಕ್ಕು ಒಲಿಯಿತು. ಜೊತೆಗೆ ಹನ್ನೆರಡು ವರ್ಷ ಗುಡುಗುವ ಎಂಜಿನ್ನುಗಳಿಗೆ ಎಡಗಿವಿ ಕೊಟ್ಟು ನಿಂತದ್ದೂ ಆಯಿತು. ಕೊಟ್ಟ ಕಿವಿಯನ್ನು ಎಂಜಿನ್ನು ವಾಪಸು ಕೊಡಲಿಲ್ಲ.

ಎರಡು ವರ್ಷ ಹೊಸ ವಿಮಾನವೇ ಇಲ್ಲದೆ ಕಳೆದ ಮೇಲೆ, ಸಾವಿರದ ಒಂಬೈನೂರ ಮೂವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಹೊಸ ಕಾಳಗದ ವಿಮಾನ ಹೊರಬಂತು. ಅದನ್ನು ರೂಪಿಸಿದವರು ಇಂಜಿನಿಯರ್ ವೆರ್ನೆತ್ತಿ. ಬಡಕಲು ಆಸಾಮಿ, ಹೊಟ್ಟೆಹುಣ್ಣು. ಅಂಗಿಯ ಮೇಲ್ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಕಡ್ಡಿರೊಟ್ಟಿ ಸಿಕ್ಕಿಸಿಕೊಂಡು ಓಡಾಡುವವರು. ಚಿಂತೆ ಬಂದಾಗ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪೈಲಟ್ ಪಸ್ಸೆರಿನ್ ಅದನ್ನು ಹಾರಿಸಿ, ಇಳಿದು, ಕನ್ನಡಕವನ್ನು ಹಣೆಗೇರಿಸಿ ಹೇಳಿದ:

"ಒಳ್ಳೇ ಕುದುರೆ ಇಂಜಿನಿಯರ್ರೇ. ಏರುತ್ತೆ, ತಿರುಗುತ್ತೆ, ಎಲ್ಲಾ ಸರಿ. ಆದ್ರೆ ನಡೆಸೋ ಕೋಲು ಬಿಟ್ರೆ ಸಾಕು, ಕುಡುಕನ ಥರ ಎಡಕ್ಕೆ ಒರಗುತ್ತೆ."

"ಎಷ್ಟು?"

"ಒಂದು ಶೀಶೆ ಕುಡಿದವನಷ್ಟು."

ಎಂಜಿನ್ ವಿಭಾಗದ ಎವುಸೇಬಿಯೊ ಸುಮ್ಮನಿರುವವನಲ್ಲ. "ಎಡಕ್ಕೆ ವಾಲುತ್ತಾ? ಸದ್ಯ, ರೋಮಿನವರಿಗೆ ಹೇಳ್ಬೇಡ್ರಪ್ಪ. ಈ ಕಾಲದಲ್ಲಿ ಎಡಕ್ಕೆ ವಾಲಿದ್ರೆ ವಿಮಾನಾನೂ ಒಳಗೆ ಹಾಕ್ತಾರೆ!" ಎಂದುಬಿಟ್ಟ. ಎಲ್ಲರೂ ನಕ್ಕು, ನಕ್ಕ ಮೇಲೆ ಶೆಡ್ಡಿನ ಗೋಡೆಯ ಮೇಲಿದ್ದ ರೋಮಿನ ಸರ್ವಾಧಿಕಾರಿ ದೊಡ್ಡವರ ಪಟ ನೋಡಿ ಕೆಮ್ಮಿದರು.

ಆ ದಿನ ಲೋಟ ಹೊರಬರಲಿಲ್ಲ. ನೆಟ್ಟಗೆ ಹಾರದ ವಿಮಾನಕ್ಕೆ ಬಾರ್ಬೆರಾ ಇಲ್ಲ.

ವೆರ್ನೆತ್ತಿಯವರು ಕಾಗದ ಹರಡಿ ಕುಳಿತರು. ಎಂಜಿನ್ನಿನ ತಿರುಗುವ ರಭಸ ವಿಮಾನವನ್ನು ಒಂದು ಕಡೆ ತಳ್ಳುತ್ತಿದೆ ಎಂದು ತೀರ್ಮಾನಿಸಿ ರೆಕ್ಕೆಯ ಹಿಂಬದಿಗೆ ಒಂದು ತಗಡಿನ ಪಟ್ಟಿ ಬಡಿಸಿದರು. ಸೆಕೊಂಡೊ ತಂತಿಗಳನ್ನು ಮತ್ತೆ ಶ್ರುತಿ ಮಾಡಿದ. ವಿಮಾನ ಎಡಕ್ಕೆ ವಾಲಿತು. ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯನ್ನು ಎರಡು ಬೆರಳಷ್ಟು ಓರೆ ಮಾಡಿಸಿದರು. ಸೆಕೊಂಡೊ ಮತ್ತೆ ಶ್ರುತಿ ಮಾಡಿದ. ಮತ್ತೆ ಎಡಕ್ಕೆ, ಈಗ ಅರ್ಧ ಶೀಶೆ ಕುಡಿದವನಷ್ಟು. ಕೊನೆಗೆ ಬಲರೆಕ್ಕೆಯ ತುದಿಯೊಳಗೆ ಸೀಸದ ತುಂಡು ಕೂರಿಸಿದರು. ಆಗ ಹೆಚ್ಚುಕಡಿಮೆ ನೆಟ್ಟಗಾಯಿತು. ಆದರೆ ಪಸ್ಸೆರಿನ್ ಅದನ್ನು ಗಿರಗಿರನೆ ತಿರುಗಿಸಿ ಕೆಳಗೆ ಬಿಟ್ಟಾಗ ಅದು ತಿರುಗುವುದನ್ನು ನಿಲ್ಲಿಸಲೇ ಒಪ್ಪಲಿಲ್ಲ. ಪಾಪ್ಲರ್ ಮರಗಳ ತಲೆಯ ಮೇಲೆ ಬಂದಾಗ ಕಡೆಗೂ ಮಾತು ಕೇಳಿತಂತೆ. ಇಳಿದವನ ಮುಖ ಸುಣ್ಣದಂತಾಗಿತ್ತು.

"ತಗಡು, ಸೀಸ, ಓರೆ ಬಾಲ... ಇದು ವಿಮಾನಾನೋ ಗುಜರಿ ಗಾಡೀನೋ ಇಂಜಿನಿಯರ್ರೇ?" ಎಂದಷ್ಟೇ ಹೇಳಿ ಹುಲ್ಲಿನ ಮೇಲೆ ಕುಳಿತುಬಿಟ್ಟ.

ಧಣಿ ವೆರ್ನೆತ್ತಿಯವರನ್ನು ಕರೆಸಿ ನವೆಂಬರಿನ ಸಾನ್ ಮಾರ್ತೀನೊ ಹಬ್ಬದವರೆಗೆ ಗಡುವು ಕೊಟ್ಟ. ಆ ಸೀಮೆಯಲ್ಲಿ ಗೇಣಿ, ಗುತ್ತಿಗೆ, ಚಾಕರಿ ಎಲ್ಲ ಮುಗಿಯುವುದು ಆ ದಿನ. ಹೋಗುವವರು ಗಾಡಿಗೆ ಪಾತ್ರೆಪಗಡೆ ಹೇರುವುದೂ ಅವತ್ತೇ. ಅಷ್ಟರೊಳಗೆ ವಿಮಾನ ನೆಟ್ಟಗೆ ಹಾರದಿದ್ದರೆ ಇಂಜಿನಿಯರರೂ ಗಾಡಿ ನೋಡಿಕೊಳ್ಳಬೇಕು.

ಆ ಸಂಜೆ ದೆಲ್ಫೀನಾ ಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದಳು. ಅವಳೂ ಅದೇ ಕಾರ್ಖಾನೆಯವಳು, ರೆಕ್ಕೆಗೆ ಬಟ್ಟೆ ಹೊಲಿಯುವ ಕೋಣೆಯ ಮುಖ್ಯಸ್ಥೆ. ಬೇಕೆಂದೇ ಗಂಡನ ಬಲಗಡೆ ಬಂದು ನಿಂತಳು. ಅವಳು ಬಲಗಡೆ ಬಂದಳೆಂದರೆ ವಿಷಯ ಗಂಭೀರವೆಂದೇ ಅರ್ಥ.

"ಏ ಸೆಕೊಂಡೊ, ಬಲರೆಕ್ಕೆ ತಂತಿ ನೋಡೋವಾಗ ಯಾವ ಕಿವಿ ಕೊಡ್ತೀಯ?"

"ಯಾವುದು ಹತ್ತಿರ ಇರುತ್ತೋ ಅದು."

"ಅದು ಯಾವುದು?"

ಸೆಕೊಂಡೊ ಮೇಜಿನ ಮುಂದೆ ಎದ್ದು ನಿಂತು, ಎದುರಿಗೆ ವಿಮಾನದ ಮೂತಿಯಿದೆ ಎಂದು ಭಾವಿಸಿಕೊಂಡು, ಕೈ ಚಾಚಿದ. ಮೂತಿಗೆ ಮುಖ ಮಾಡಿ ನಿಂತವನಿಗೆ ವಿಮಾನದ ಬಲರೆಕ್ಕೆ ಎಡಗಡೆಗೆ ಬರುತ್ತದೆ. ಅದರ ತಂತಿಗೆ ಎಡಗಿವಿ. ಆ ಕಡೆಯ ತಂತಿ ಈಚೀಚೆಗೆ ಮಂಕಾಗಿ ನುಡಿಯುತ್ತಿದೆ, ಹಾಳು ಉಕ್ಕು ಎಂದು ಬೈದುಕೊಂಡು ಅವನು ಪ್ರತಿಸಲವೂ ಒಂದೆರಡು ಸುತ್ತು ಹೆಚ್ಚಿಗೆ ಬಿಗಿಯುತ್ತಿದ್ದ. ಬಿಗಿದ ಕಡೆ ರೆಕ್ಕೆಯ ಹಿಂಬದಿ ಕೂದಲೆಳೆಯಷ್ಟು ಕೆಳಗೆ ಬಾಗುತ್ತದೆ, ಗಾಳಿ ಆ ರೆಕ್ಕೆಯನ್ನು ಹೆಚ್ಚು ಎತ್ತುತ್ತದೆ. ಬಲ ಎದ್ದರೆ ಬೀಳುವುದು ಎಡ.

ಚಾಚಿದ ಕೈ ಹಾಗೇ ನಿಂತಿತು.

"ಅಯ್ಯೋ ಮಡೋನ್ನಾ," ಎಂದ ಸೆಕೊಂಡೊ. "ಮಂಕಾಗಿದ್ದು ತಂತಿ ಅಲ್ಲ, ನಾನು."

"ನಾಳೆ ಹೋಗಿ ಹೇಳು."

"ಏನಂತ? ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಅಂತಾನಾ? ಮೂಗಿಲ್ಲದ ಅಡುಗೆಯವನನ್ನ ಯಾರು ಇಟ್ಕೋತಾರೆ?"

"ಹೇಳದಿದ್ರೆ ಆ ಪಸ್ಸೆರಿನ್ ಮರಕ್ಕೆ ನೇತಾಡ್ತಾನೆ. ಆಗ ಯಾರು ಇಟ್ಕೋತಾರೆ?"

ಹೇಳುವುದು ಬಿಟ್ಟು ಇನ್ನೇನಾದರೂ ದಾರಿ ಇದೆಯೇ ಎಂದು ಸೆಕೊಂಡೊ ಯೋಚಿಸಿದ. ಇತ್ತು. ಆದರೆ ಆ ದಾರಿಗೆ ಅವನೇ ಮುಳ್ಳು ಹಾಕಿದ್ದ. ಕಚೇರಿಯ ಗಾಜಿನ ಬೀರುವಿನಲ್ಲಿ ತಂತಿಯ ಬಿಗಿ ಅಳೆಯುವ ಹಿತ್ತಾಳೆಯ ಮಾಪಕವೊಂದಿತ್ತು. ತಂತಿಗೆ ಕಚ್ಚಿಸಿದರೆ ಮುಳ್ಳು ತಿರುಗಿ ಅಂಕಿ ತೋರಿಸುತ್ತದೆ. ಅದು ಬಂದ ದಿನ ಸೆಕೊಂಡೊ ಎಲ್ಲರೆದುರು ಅದನ್ನು ಕಿವಿಗಿಟ್ಟು ಅಲ್ಲಾಡಿಸಿ, "ಇದು ಕಿವುಡರಿಗೆ ಮಾಡಿದ್ದು ಕಣ್ರಪ್ಪ, ನಮ್ಮಲ್ಲಿ ಯಾರಿದ್ದಾರೆ ಕಿವುಡರು?" ಎಂದು ನಗಿಸಿ, ತಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಮರ್ಯಾದೆಯೂ ಅದೇ ಜೇಬಿನಲ್ಲಿತ್ತು.

ಹಾಗಿದ್ದರೂ ಮರುದಿನ, ಎಲ್ಲರೂ ಊಟಕ್ಕೆ ಕುಳಿತ ಹೊತ್ತಿನಲ್ಲಿ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮಾಪಕವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಶೆಡ್ಡಿಗೆ ಹೋದ. ಅವನ ಹೊಟ್ಟೆಯ ಮೇಲೆ ಇನ್ನೊಂದು ಉಬ್ಬು ಯಾರ ಕಣ್ಣಿಗೂ ಬೀಳಲಿಲ್ಲ. ಬಲರೆಕ್ಕೆಯ ತಂತಿಗೆ ಮಾಪಕ ಕಚ್ಚಿಸಿ ನೋಡಿದರೆ ಮುಳ್ಳು ನಾಚಿಕೆಯಿಲ್ಲದೆ ಎಡರೆಕ್ಕೆಯದಕ್ಕಿಂತ ಮೂರು ಮನೆ ಮುಂದಕ್ಕೆ ಓಡಿತು. ಎರಡೂ ಕಡೆ ಸರಿಸಮ ಮಾಡಿದ. ಬೆವರೊರೆಸಿಕೊಂಡು, ಯಾರಿಗೂ ಹೇಳದೆ ಎಲ್ಲ ಸರಿಹೋಯಿತು ಎಂದುಕೊಂಡು, ಉಳಿದ ಐದು ನಿಮಿಷದಲ್ಲಿ ಡಬ್ಬಿಯ ಊಟವನ್ನೂ ಮುಗಿಸಿದ.

ಬುದ್ಧಿವಂತ ಎಂದು ಅವನು ತನ್ನನ್ನು ಅಷ್ಟೊಂದು ಮೆಚ್ಚಿಕೊಂಡ ಮಧ್ಯಾಹ್ನ ಇನ್ನೊಂದಿಲ್ಲ. ಅದು ಮುಗಿದದ್ದು ಮೂರು ಗಂಟೆಗೆ. ತಂತಿ ಸರಿಯಾಗಿತ್ತು, ನಿಜ. ಆದರೆ ತಪ್ಪು ತಂತಿಗೆ ಮದ್ದೆಂದು ಮಾಡಿದ್ದ ತಗಡು, ಓರೆ ಬಾಲ, ಸೀಸ ಎಲ್ಲ ಹಾಗೇ ಇದ್ದವಲ್ಲ! ರೋಗ ಹೋಗಿ ಔಷಧ ಉಳಿದಿತ್ತು. ವಿಮಾನ ನೆಲ ಬಿಟ್ಟದ್ದೇ ತಡ ಬಲಕ್ಕೆ ಬಿತ್ತು, ಬರೀ ವಾಲಲಿಲ್ಲ. ಪಸ್ಸೆರಿನ್ ಎರಡೂ ಕೈಯಲ್ಲಿ ಕೋಲನ್ನು ಎಡಕ್ಕೆ ಒತ್ತಿಹಿಡಿದು, ಮೈದಾನಕ್ಕೆ ಒಂದು ಸುತ್ತು ಹಾಕಿ, ಕೋಳಿಗೂಡಿನ ಬೇಲಿ ಕಿತ್ತುಕೊಂಡು ಇಳಿಸಿದ.

ಎವುಸೇಬಿಯೊ ಮೆಲ್ಲಗೆ ಹೇಳಿದ: "ನೋಡಿದ್ಯಾ ಮೇಸ್ತ್ರಿ, ವಿಮಾನ ಪಕ್ಷ ಬದಲಾಯಿಸ್ತು."

ಸೆಕೊಂಡೊನಿಗೆ ನಗು ಬರಲಿಲ್ಲ. ವೆರ್ನೆತ್ತಿಯವರು ಮೈದಾನದ ಅಂಚಿನಲ್ಲಿ ಟೋಪಿ ತೆಗೆದು ನಿಂತಿದ್ದರು, ಶವಯಾತ್ರೆ ಹೋಗುವಾಗ ನಿಲ್ಲುವಂತೆ. ಜೇಬಿನ ಕಡ್ಡಿರೊಟ್ಟಿ ಹಾಗೇ ಇತ್ತು. ಅದನ್ನು ಮುರಿಯುವ ಉತ್ಸಾಹವೂ ಅವರಲ್ಲಿ ಉಳಿದಿರಲಿಲ್ಲ.

ಸಂಜೆ ಸೆಕೊಂಡೊ ಕಚೇರಿಗೆ ಹೋದಾಗ ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಬನ್ನಿ ಮೇಸ್ತ್ರಿ. ಸಾನ್ ಮಾರ್ತೀನೊ ತನಕ ಯಾಕೆ ಕಾಯ್ಬೇಕು ಅಂತ... ರಾಜೀನಾಮೆ ಬರೆದಿಟ್ಟಿದ್ದೀನಿ. ಏನೂ ಮುಟ್ಟದೆ ಒಂದು ವಿಮಾನ ಎಡದಿಂದ ಬಲಕ್ಕೆ ವಾಲಿದ್ರೆ, ತಪ್ಪು ನನ್ನ ಲೆಕ್ಕದ್ದೇ." ಪುಸ್ತಕದ ಧೂಳು ಊದಿದರು. "ನಾಲ್ಕು ತಿಂಗಳು ಯಾರ ಮೇಲೆ ಅನುಮಾನ ಪಡ್ಲಿಲ್ಲ ಹೇಳಿ? ಎಂಜಿನ್ ಮೇಲೆ, ಗಾಳಿ ಮೇಲೆ, ಪಸ್ಸೆರಿನ್ ಮೇಲೆ, ಕಡೆಗೆ ದೇವರ ಮೇಲೂ. ಅನುಮಾನ ಪಡದೇ ಇದ್ದದ್ದು ನಿಮ್ಮ ಕಿವಿ ಒಂದರ ಮೇಲೆ."

ಬೈದಿದ್ದರೆ ಸೆಕೊಂಡೊ ಬಹುಶಃ ತಡೆದುಕೊಳ್ಳುತ್ತಿದ್ದ. ಅವನು ಅಂಗಿಯೊಳಗಿಂದ ಮಾಪಕ ತೆಗೆದು ಮೇಜಿನ ಮೇಲಿಟ್ಟ.

"ಇಂಜಿನಿಯರ್ರೇ, ದೇವರ ಹತ್ರ ಕ್ಷಮೆ ಕೇಳ್ಕೊಳ್ಳಿ. ಎಂಜಿನ್ ಹತ್ರಾನೂ. ಎಡಗಿವಿ ಸತ್ತು ಎರಡು ವರ್ಷ ಆಯ್ತಂತೆ. ಹೆಣ ಹೊತ್ಕೊಂಡು ಕೆಲಸಕ್ಕೆ ಬರ್ತಾ ಇದ್ದೆ."

ಎಲ್ಲವನ್ನೂ ಹೇಳಿದ, ಊಟದ ಹೊತ್ತಿನ ಕಳ್ಳತನವನ್ನೂ. ವೆರ್ನೆತ್ತಿಯವರು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಬಂದು ಅವನ ಎಡಗಡೆ ನಿಂತು ಏನೋ ಹೇಳಿದರು. ಸೆಕೊಂಡೊ ಗೋಡೆ ನೋಡುತ್ತ ನಿಂತೇ ಇದ್ದ. ಬಲಗಡೆಗೆ ಬಂದು, "ಕೇಳಿಸ್ತಾ?" ಎಂದರು.

"ಇಲ್ಲ. ಬೈದ್ರಾ?"

"ಹೂಂ. ನನ್ನಜ್ಜಿಯ ಭಾಷೆಯಲ್ಲಿ." ಜೇಬಿನ ಕಡ್ಡಿರೊಟ್ಟಿ ಮುರಿದು ಅರ್ಧ ಅವನಿಗೆ ಕೊಟ್ಟರು. "ಇನ್ನು ಯಾರಿಗೆ ಗೊತ್ತು?"

"ನನ್ನ ಹೆಂಡತಿಗೆ."

"ಹೊಲಿಗೆ ಕೋಣೆ ಮುಖ್ಯಸ್ಥೆಗೆ? ಎರಡು ವರ್ಷದಿಂದ? ಹೊರಗೆ ಬಂದೇ ಇಲ್ವಲ್ಲ!" ಇಂಜಿನಿಯರರಿಗೆ ವಿಮಾನಕ್ಕಿಂತ ಇದೇ ದೊಡ್ಡ ಸೋಜಿಗವಾಯಿತು.

ಮರುದಿನದಿಂದ ತಗಡು ಕಿತ್ತರು, ಬಾಲ ನೆಟ್ಟಗೆ ಮಾಡಿದರು, ಸೀಸ ತೆಗೆದರು. ತಂತಿಗಳನ್ನು ಮಾಪಕ ಹಿಡಿದು ಬಿಗಿದವರು ಸ್ವತಃ ವೆರ್ನೆತ್ತಿ. ಕಾರಣ ಏನೆಂದು ಅವರು ಯಾರಿಗೂ ಹೇಳಲಿಲ್ಲ. "ಮೇಸ್ತ್ರಿಗೆ ಮೈ ಸರಿಯಿಲ್ಲ" ಎಂದಷ್ಟೇ ಅಂದರು. ಹಬ್ಬಕ್ಕೆ ಮೂರು ದಿನ ಮೊದಲು ಪಸ್ಸೆರಿನ್ ಹಾರಿದ. ಮೈದಾನದ ಮೇಲೆ ತಗ್ಗಿ ಬಂದು ಎರಡೂ ಕೈಗಳನ್ನು ಹೊರಗೆ ಚಾಚಿ, ಪಾದ್ರಿ ಆಶೀರ್ವಾದ ಮಾಡುವಂತೆ ತೋರಿಸುತ್ತ ಹೋದ. ವಿಮಾನ ದಾರಕ್ಕೆ ಪೋಣಿಸಿದ ಮಣಿಯಂತೆ ನೆಟ್ಟಗೆ ಸಾಗಿತು. ಗಿರಗಿರ ತಿರುಗಿಸಿ ಬಿಟ್ಟಾಗಲೂ ಹೇಳಿದ ಕಡೆ ನಿಂತಿತು.

ಮೇಜು ಬಂತು, ಬಾರ್ಬೆರಾ ಬಂತು. ಪಸ್ಸೆರಿನ್ ಮೊದಲ ಲೋಟ ತುಂಬಿ, ಗುಂಪಿನ ಹಿಂದೆ ಅಡಗಿ ನಿಂತಿದ್ದ ಸೆಕೊಂಡೊನ ಮುಂದೆ ಬಂದು ನಿಂತ. "ಮೊದಲ ಲೋಟ ಕಿವಿಗೆ!" ಎಂದು ಎಲ್ಲರೂ ಕೂಗಿದರು. ಎವುಸೇಬಿಯೊ ಎಲ್ಲರಿಗಿಂತ ಗಟ್ಟಿಯಾಗಿ.

ವೆರ್ನೆತ್ತಿಯವರು ಕಣ್ಣಲ್ಲೇ 'ತಗೊಳ್ಳಿ' ಎಂದರು. ಕುಡಿದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಇಪ್ಪತ್ತೆಂಟನೆಯದು. ಸೆಕೊಂಡೊ ಲೋಟವನ್ನೇನೋ ತೆಗೆದುಕೊಂಡ. ಹಿಡಿದ ಕೈ ಬಾಯಿಯವರೆಗೆ ಹೋಯಿತು ಕೂಡ. ಎದುರಿಗೆ ಪಸ್ಸೆರಿನ್‌ನ ಮುಖವಿತ್ತು. ಪಾಪ್ಲರ್ ಮರಗಳ ದಿನ ಸುಣ್ಣವಾಗಿದ್ದ ಮುಖ. ಅವನು ಲೋಟ ಇಳಿಸಿ, ಮೇಜಿನ ಹತ್ತಿರ ನಡೆದು, ಅಲ್ಲಿ ಬಿದ್ದಿದ್ದ ಹಿತ್ತಾಳೆಯ ಮಾಪಕದ ಮುಂದೆ ಅದನ್ನು ಇಟ್ಟ.

"ಇವತ್ತಿನ ಕಿವಿ ಇದು. ನಾನು ಇದನ್ನ ಕಿವುಡರದ್ದು ಅಂತ ನಗಾಡಿದ್ದೆ, ನೆನಪಿದ್ಯಾ? ಸರಿಯಾಗೇ ಹೇಳಿದ್ದೆ. ಆ ಕಿವುಡ ಯಾರು ಅಂತ ಮಾತ್ರ ಗೊತ್ತಿರ್ಲಿಲ್ಲ." ಪಸ್ಸೆರಿನ್ ಕಡೆ ತಿರುಗಿದ. "ನಿಮ್ಮನ್ನ ನಾಲ್ಕು ತಿಂಗಳು ಎಡಕ್ಕೆ ಎಳೆದದ್ದು ನಾನು ಸ್ವಾಮಿ. ಬಲಕ್ಕೆ ಎಳೆದದ್ದೂ ನಾನೇ. ಕೋಳಿಗೂಡಿನ ಬೇಲಿ ಕೂಡ ನನ್ನದೇ."

ಪಸ್ಸೆರಿನ್ ನಿಧಾನವಾಗಿ ನಡೆದು ಬಂದು ಅವನ ಪಕ್ಕದಲ್ಲಿ ನಿಂತ. ಹೆಗಲ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ, ಒಂದು ಮಾತು ಹೇಳಿದ. ನಿಂತದ್ದು ಎಡಗಡೆ. ಹೇಳಿದ್ದು ಎಡಗಿವಿಗೆ. ಹತ್ತಿರವಿದ್ದವರಲ್ಲಿ ಅದು ಕೇಳಿಸಿದ್ದು ದೆಲ್ಫೀನಾಗೆ ಮಾತ್ರ. ಅವಳ ಕಣ್ಣು ತುಂಬಿತು, ಮರುಗಳಿಗೆಗೆ ಅವಳು ಬಾಯಿಗೆ ಸೆರಗಿನಂಥ ತಲೆವಸ್ತ್ರ ಒತ್ತಿಕೊಂಡು ನಕ್ಕಳು. "ಏನಂದ್ರು?" ಎಂದು ಸೆಕೊಂಡೊ ಬಲಗಿವಿ ತಿರುಗಿಸುವಷ್ಟರಲ್ಲಿ ಪಸ್ಸೆರಿನ್ ಹೊರಟುಹೋಗಿದ್ದ. ಲೋಟ ಮಾಪಕದ ಮುಂದೆ ಹಾಗೇ ಇತ್ತು. ಹಿತ್ತಾಳೆ ಕುಡಿಯುವುದಿಲ್ಲವಲ್ಲ ಎಂದು ಕಡೆಗೆ ದೆಲ್ಫೀನಾ ಅದನ್ನು ಎತ್ತಿ ಒಂದೇ ಗುಟುಕಿಗೆ ಮುಗಿಸಿದಳು.

ಒಂದು ಕಿವಿಯನ್ನು ಒಪ್ಪಿಸಲು ಹೋದವನಿಂದ ಇಂಜಿನಿಯರರು ಇಡೀ ಕಸುಬನ್ನೇ ಕಸಿದರು ಎಂಬುದು ಮಾತ್ರ ಮರುವರ್ಷದ ಮಾತು. "ಈ ವಿಮಾನ ಸೈನ್ಯದ ಜೊತೆ ಮರುಭೂಮಿಗೂ ಹೋಗುತ್ತೆ. ಅಲ್ಲಿ ನಿಮ್ಮಂಥ ಕಿವಿ ಎಲ್ಲಿಂದ ತರೋದು ಮೇಸ್ತ್ರಿ? ಒಂದು ಕಿವಿಯ ಮೇಲೆ ನಿಂತ ವಿಮಾನ ವಿಮಾನಾನೇ ಅಲ್ಲ" ಎಂದು ಹೇಳಿ, ತಂತಿಗಳನ್ನೆಲ್ಲ ಕಿತ್ತುಹಾಕಿ, ಅವುಗಳ ಜಾಗದಲ್ಲಿ ಉಕ್ಕಿನ ಗಟ್ಟಿ ಕೊಳವೆಗಳನ್ನು ಓರೆಯೋರೆಯಾಗಿ ನಿಲ್ಲಿಸಿದ ಹೊಸ ಮಾದರಿಯನ್ನು ವೆರ್ನೆತ್ತಿ ಹೊರತಂದರು. ಮೀಟಲು ತಂತಿಯಿಲ್ಲ, ಕೇಳಲು ಶ್ರುತಿಯಿಲ್ಲ. ನೋಡಲು ಬಂದ ದೊಡ್ಡವರೆಲ್ಲ ಇಂಥ ಯೋಚನೆ ಹೇಗೆ ಹೊಳೆಯಿತು ಎಂದು ಕೇಳಿದರೆ, ಅವರು ಗಾಳಿಯ ತಡೆ, ಭಾರ, ಲೆಕ್ಕಾಚಾರ ಎಂದೆಲ್ಲ ವಿವರಿಸಿ, ದೂರದಲ್ಲಿ ನಿಂತ ಸೆಕೊಂಡೊನ ಕಡೆ ನೋಡಿ ಕಡ್ಡಿರೊಟ್ಟಿ ಕಚ್ಚುತ್ತಿದ್ದರು. ದೇಶದಲ್ಲಿ ಕಿವುಡುತನದಿಂದ ಹುಟ್ಟಿದ ಒಂದೇ ವಿಮಾನ ಇದು, ಹೆರಿಗೆ ಮಾಡಿಸಿದ್ದು ಅವರು, ಬಸಿರಾಗಿದ್ದು ನಾನು, ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ ಎಂದು ಸೆಕೊಂಡೊ ಪಾನಗೃಹದಲ್ಲಿ ಹೇಳಿಕೊಳ್ಳುತ್ತಿದ್ದ.

ಕೆಲಸ ಹೋಗಲಿಲ್ಲ. ಅವನನ್ನು ಹೊಲಿಗೆ ಕೋಣೆಗೆ ಹಾಕಿದರು, ಹೆಂಡತಿಯ ಕೈಕೆಳಗೆ. ರೆಕ್ಕೆಗೆ ಎಳೆದು ಹೊಲಿದ ಬಟ್ಟೆ ಹದವಾಗಿ ಬಿಗಿದಿದೆಯೇ ಎಂದು ಅಂಗೈಯಿಂದ ತಟ್ಟಿ ನೋಡುವುದು. ಅದಕ್ಕೆ ಕಿವಿ ಬೇಡ, ಕೈ ಸಾಕು. ಅಲ್ಲಿದ್ದ ಹದಿನೆಂಟು ಹೆಂಗಸರೂ ಮೊದಲ ದಿನವೇ ತಮ್ಮ ಕುರ್ಚಿಗಳನ್ನು ಎಳೆದುಕೊಂಡು ಅವನ ಎಡಗಡೆ ಸಾಲಾಗಿ ಕುಳಿತರು. ಅವರು ಹೇಳಿಕೊಂಡು ನಗುತ್ತಿದ್ದದ್ದು ತನ್ನ ವಿಷಯವೇ ಎಂದು ಸೆಕೊಂಡೊನಿಗೆ ಗೊತ್ತಿತ್ತು. ಕೇಳಿಸದಿದ್ದರೂ ಭುಜ ಕುಣಿಯುವುದು ಕಾಣುತ್ತದಲ್ಲ. ಹೆಸರು ಮಾತ್ರ ಬದಲಾಗಲಿಲ್ಲ. ಕೊನೆಯವರೆಗೂ ಅವನು ಕಿವಿ ಮೇಸ್ತ್ರಿಯೇ.

ಒಂದು ಕೊರಗು ಅವನಿಗೆ ಉಳಿಯಿತು. ತಲೆ ಪೂರ್ತಿ ಬೆಳ್ಳಗಾದ ಮೇಲೂ, ಊಟಕ್ಕೆ ಕುಳಿತಾಗ ಒಮ್ಮೊಮ್ಮೆ ಕೇಳುತ್ತಿದ್ದ:

"ಏ ದೆಲ್ಫೀನಾ, ಅವತ್ತು ಪಸ್ಸೆರಿನ್ ಏನಂದ? ನಿಜ ಹೇಳು."

ಮುದ್ದೆ ಹದವಾಗಿ ಬಂದ ದಿನ ಅವಳು, "ನೀವೇ ದೊಡ್ಡ ಮನುಷ್ಯರು ಅಂದ" ಎನ್ನುತ್ತಿದ್ದಳು. ತಳ ಹಿಡಿದ ದಿನ, "ಕತ್ತೆ ಅಂದ."

"ಎರಡೂ ಹೇಗೆ ನಿಜ ಆಗುತ್ತೆ? ನಿಜವಾಗಿ ಅಂದದ್ದು ಏನು?"

"ಅದನ್ನ ದಿನಾ ಹೇಳ್ತಾನೇ ಇದ್ದೀನಲ್ಲ," ಎಂದು ದೆಲ್ಫೀನಾ ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. "ಮಲಗೋವಾಗ. ಎಡಗಡೆಯಿಂದ."